ಐದು ವಾರದ ಗಾಯ, ಆರು ವರ್ಷದ ಕುಂಟು

ಬಾಣನ ಬಲಗಾಲಿನ ಮೀನಖಂಡ ಐದು ವಾರಕ್ಕೆ ವಾಸಿಯಾಯಿತು. ಅವನು ಕುಂಟಿದ್ದು ಮಾತ್ರ ಆರು ವರ್ಷ. ಎರಡನ್ನೂ ನಾನು ಎದೆ ತಟ್ಟಿ ಹೇಳಬಲ್ಲೆ. ಆ ಕಾಲನ್ನು ವಾಸಿ ಮಾಡಿದವಳೂ ನಾನೇ, ಆಮೇಲಿನ ಆರು ವರ್ಷದ ನಾಟಕಕ್ಕೆ ಬಿಟ್ಟಿ ಪ್ರೇಕ್ಷಕಳಾಗಿ ಕೂತವಳೂ ನಾನೇ.

ನಾನು ಫಿಸಿಯೊಥೆರಪಿಸ್ಟ್. ಬೇರಿಂಗ್ ತಯಾರಿಸುವ ಕಾರ್ಖಾನೆಯೊಂದರ ಆಟದ ಮೈದಾನದಲ್ಲಿ, ಜನ ಕೂತು ಆಟ ನೋಡುವ ಮೆಟ್ಟಿಲುಗಳ ಅಡಿಯಲ್ಲಿ ನನ್ನ ಕೋಣೆ. ಮೇಲಿನ ಮೆಟ್ಟಿಲಿಗೆ ತಕ್ಕಂತೆ ಚಾವಣಿ ಇಳಿಜಾರಾಗಿದೆ. ಎತ್ತರದವರು ಒಳಗೋಡೆಯ ಕಡೆ ಹೋದರೆ ತಲೆ ಬಡಿಸಿಕೊಳ್ಳುತ್ತಾರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಎರಡು ಮಂಚ, ಗೋಡೆಗೆ ಹೊಡೆದ ಮರದ ಏಣಿ, ಒಂದು ಗೇಣೆತ್ತರದ ಮರದ ಮೆಟ್ಟಿಲು, ಮಂಜುಗಡ್ಡೆಗೆಂದು ಸದಾ ಗೊಣಗುವ ಹಳೇ ಫ್ರಿಜ್ಜು. ಕೋಣೆ ಅರ್ಧ ನೆಲದೊಳಗಿರುವುದರಿಂದ ಕಿಟಕಿ ಹೊರಗಿನ ನೆಲದ ಮಟ್ಟಕ್ಕಿದೆ. ಅದರಲ್ಲಿ ಹೋಗಿಬರುವವರ ಮೊಣಕಾಲಿನಿಂದ ಕೆಳಗಷ್ಟೇ ಕಾಣುತ್ತದೆ. ನನಗೆ ಅಷ್ಟು ಸಾಕು.

ಬಾಣ ಅನ್ನುವ ಹೆಸರು ಯಾರೋ ಮೆಚ್ಚಿ ಕೊಟ್ಟದ್ದಲ್ಲ, ಅವನೇ ಇಟ್ಟುಕೊಂಡದ್ದು. ಅವನಪ್ಪ ಇದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತ ಮನುಷ್ಯ. ಮಗ ನಿಲ್ಲುವುದು ಬೇಡ, ಓಡಲಿ ಅಂತ ಮೈದಾನಕ್ಕೆ ಬಿಟ್ಟ. ಮಗ ಓಡಿದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಓಡಿದ. ಇಪ್ಪತ್ತೆರಡನೇ ವಯಸ್ಸಿಗೆ ಕಾರ್ಖಾನೆ ಕಾರ್ಖಾನೆಗಳ ನಡುವಿನ ಕೂಟದಲ್ಲಿ ಇನ್ನೂರು ಮೀಟರ್ ಓಟಕ್ಕೆ ಎರಡನೆಯವನಾಗಿ ಬಂದ. ಆ ಒಂದು ಬೆಳ್ಳಿ ಪದಕದ ಮೇಲೆ ಕ್ರೀಡಾ ಕೋಟಾದಲ್ಲಿ ಸ್ಟೋರ್ಸ್ ವಿಭಾಗದಲ್ಲಿ ಕಾಯಂ ಕೆಲಸವೂ ಸಿಕ್ಕಿತು. ಪತ್ರಿಕೆಯಲ್ಲಿ ಅವನು ಬಾಯಿ ತೆರೆದುಕೊಂಡು ಓಡುತ್ತಿರುವ ಫೋಟೊ ಬಂತು. ಅದನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟ. ನಟ್ಟು, ಬೋಲ್ಟು, ಎಣ್ಣೆ ಡಬ್ಬ ಕೇಳಿಕೊಂಡು ಬಂದವರೆಲ್ಲ ಆ ತೆರೆದ ಬಾಯಿಯ ಮೇಲೇ ರಿಜಿಸ್ಟರ್ ಇಟ್ಟು ಸಹಿ ಹಾಕಬೇಕು.

"ಅವತ್ತು ಮೊದಲನೆಯವರಾಗಿ ಬಂದವರು ಯಾರು?" ಅಂತ ಒಮ್ಮೆ ಕೇಳಿದೆ.

"ಯಾರೋ ಒಬ್ಬ," ಅಂದ.

ಗಾಯವಾದಾಗ ಅವನಿಗೆ ಇಪ್ಪತ್ತೆಂಟು. ಬೆಳಗಿನ ಅಭ್ಯಾಸದ ಹೊತ್ತು. ಮಿಕ್ಕವರು ಎರಡು ಸುತ್ತು ನಿಧಾನ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರೆ ಇವನು ಬಂದವನೇ ಗೆರೆಗೆ ನಿಂತ. ಬಾಣಕ್ಕೆ ಬಿಸಿ ಯಾಕೆ ಅಂತ ಇವನ ವಾದ. ನಲವತ್ತು ಮೀಟರ್ ಹೋಗಿ ಗಕ್ಕನೆ ನಿಂತು ಹಿಂತಿರುಗಿ, "ಯಾವನೋ ಅದು ಒದ್ದಿದ್ದು?" ಅಂತ ಕೂಗಿದ. ಹಿಂದೆ ನರಪಿಳ್ಳೆ ಇರಲಿಲ್ಲ. ಮೀನಖಂಡ ಹರಿದವರು ಬಹಳ ಜನ ಹೀಗೇ ತಿರುಗಿ ನೋಡುತ್ತಾರೆ. ಹಿಂದಿನಿಂದ ಯಾರೋ ಝಾಡಿಸಿ ಒದ್ದ ಹಾಗೆ ಆಗುತ್ತದೆ. ಕೋಣೆಗೆ ಎತ್ತಿಕೊಂಡು ಬಂದರು. ಒಳಬದಿಯ ಸ್ನಾಯುವಿನ ಒಂದಿಷ್ಟು ಎಳೆಗಳು ಹರಿದಿದ್ದವು.

"ಮಧ್ಯಮ ದರ್ಜೆಯ ಗಾಯ. ಹೆದರಬೇಡಿ," ಅಂದೆ.

"ಮಧ್ಯಮವಾ?" ಅಂದ, ನಾನು ಅವನ ವಂಶಕ್ಕೇ ಬೈದ ಹಾಗೆ.

ಮೊದಲ ಮೂರು ದಿನ ಮಂಜುಗಡ್ಡೆ, ಬಿಗಿ ಪಟ್ಟಿ, ಕಾಲು ದಿಂಬಿನ ಮೇಲೆ. ಎಣ್ಣೆ ಹಚ್ಚಿ ತಿಕ್ಕುವಂತಿಲ್ಲ, ಶಾಖ ಕೊಡುವಂತಿಲ್ಲ. ಒಳಗೆ ರಕ್ತ ಇನ್ನೂ ಒಸರುತ್ತಿರುತ್ತದೆ. ಹರಿದ ಸ್ನಾಯುವಿಗೆ ಎಳೆತ ಬೀಳದಿರಲಿ ಅಂತ ಎರಡೂ ಶೂಗಳಲ್ಲಿ ಹಿಮ್ಮಡಿಯ ಕೆಳಗೆ ರಬ್ಬರಿನ ತುಂಡು. ನಾಲ್ಕನೇ ದಿನದಿಂದ ಪಾದವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುವುದು. ಎರಡನೇ ವಾರ ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತುವುದು, ಆಮೇಲೆ ಎದ್ದು ನಿಂತು ಎರಡೂ ಕಾಲಲ್ಲಿ, ಕೊನೆಗೆ ಮರದ ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಲ್ಲಿ. ಏರುವಾಗ ಹೇಗಾದರೂ ಏರಲಿ, ಇಳಿಯುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸುತ್ತಾ ಇಳಿಯಬೇಕು. ಮೊಣಕಾಲು ನೆಟ್ಟಗಿಟ್ಟು ಒಂದು ಸುತ್ತು, ಮಡಿಸಿ ಇನ್ನೊಂದು ಸುತ್ತು. ಇದರಲ್ಲಿ ಮಾಯವಿಲ್ಲ ಮಂತ್ರವಿಲ್ಲ, ಬರೀ ಬೇಜಾರು. ಒಳ್ಳೇ ಕಾಲಿಗೆ ಸರಿಸಮನಾಗಿ ಇಪ್ಪತ್ತೈದು ಸಲ ನೋವಿಲ್ಲದೆ ಎತ್ತಿದವರನ್ನು ಓಡಲು ಬಿಡುತ್ತೇನೆ.

ಐದನೇ ವಾರ ಒಂದು ಮಧ್ಯಾಹ್ನ ಬಾಣ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಯಾರಿಗೋ ತನ್ನ ಕಷ್ಟ ತೋಡಿಕೊಳ್ಳುತ್ತಿದ್ದ. ಮಾತಿನ ಭರದಲ್ಲಿ ಹಿಮ್ಮಡಿ ತಾನಾಗಿ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಎಣಿಸಿದೆ. ಬಲಗಾಲಲ್ಲಿ ಇಪ್ಪತ್ತೇಳು. ಫೋನಿನಲ್ಲಿ ಅವನು, "ನಿಲ್ಲೋಕೂ ಆಗ್ತಿಲ್ಲಪ್ಪ," ಅನ್ನುತ್ತಿದ್ದ.

"ನಾಳೆಯಿಂದ ನಿಧಾನವಾಗಿ ಓಡೋಕೆ ಶುರು ಮಾಡಿ," ಅಂದೆ.

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಆಗ ನನಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಈ ಐದು ವಾರದಲ್ಲಿ ಅವನಿಗೆ ಜ್ಞಾನೋದಯವಾಗಿತ್ತು. ವಾರಕ್ಕೆ ಮೂರು ಅರ್ಧ ದಿನ ಚಿಕಿತ್ಸೆಯ ಹೆಸರಲ್ಲಿ ರಜೆ. ಕೌಂಟರಿನಲ್ಲಿ ನಿಲ್ಲುವ ಬದಲು ದಿಂಬು ಹಾಕಿದ ಕುರ್ಚಿ. ಭಾರದ ಪೆಟ್ಟಿಗೆಗಳನ್ನು ಅದೇ ವಿಭಾಗದಲ್ಲಿದ್ದ ಅವನ ಭಾವ, ಅಂದರೆ ಹೆಂಡತಿಯ ಅಣ್ಣ, ಎತ್ತಿಡುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ತಂಡಕ್ಕೆ ಹೊಸದಾಗಿ ಸೇರಿದ ಇಬ್ಬರು ಇವನಿಗಿಂತ ಜೋರಾಗಿ ಓಡುತ್ತಿದ್ದರು. ಓಡಿದರೆ ಮೂರನೆಯವನು. ಕುಂಟಿದರೆ, "ಕಾಲು ಸರಿ ಇದ್ದಿದ್ರೆ ಬಾಣನ ಮುಂದೆ ಇವರ್ಯಾವ ಲೆಕ್ಕ" ಅನ್ನಿಸಿಕೊಳ್ಳಬಹುದು. ಕುಂಟುವುದನ್ನೇ ಆರಿಸಿಕೊಂಡ.

ಮರುದಿನ ಬಂದು, "ಒಳಗಡೆ ಚುಳ್ ಅಂತಿದೆ ಮೇಡಂ," ಅಂದ. ಎಲ್ಲಿ ಅಂದರೆ ಬೆರಳು ಒಂದು ಕಡೆ ನಿಲ್ಲಲಿಲ್ಲ. ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಅಲ್ಟ್ರಾಸೌಂಡ್ ಯಂತ್ರ ಆಡಿಸಿಕೊಂಡ. ಅದರ ಉಪಯೋಗ ಅಷ್ಟಕ್ಕಷ್ಟೇ ಅಂತ ನಾನೇ ಹೇಳಿದ್ದರೂ ಕೇಳಲಿಲ್ಲ. ಹೊರಗೆ ಎಲ್ಲೋ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದ. ಗಾಜಿನ ಬಟ್ಟಲು ಅಂಟಿಸಿಕೊಂಡು ಕಾಲ ತುಂಬ ದುಂಡು ದುಂಡು ಕೆಂಪು ಗುರುತು ಮಾಡಿಕೊಂಡು ಬಂದ. ಬಣ್ಣದ ಅಂಟುಪಟ್ಟಿ ಅಂದರೆ ಅವನಿಗೆ ಪ್ರಾಣ. ಮಂಚದ ಮೇಲೆ ಬೋರಲು ಮಲಗಿ ಕತ್ತು ಹೊರಳಿಸಿ, "ನೀಲಿ ಇಲ್ವಾ ಮೇಡಂ? ಇವತ್ತು ನೀಲಿ ಶರ್ಟು," ಅನ್ನುತ್ತಿದ್ದ. ಹಚ್ಚಿಸಿಕೊಂಡ ಮೇಲೆ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡೇ ಕಾರ್ಖಾನೆ ಸುತ್ತುವುದು.

ನನ್ನ ಕಿಟಕಿಯಲ್ಲಿ ಅವನ ಕಾಲುಗಳು ದಿನವೂ ಕಾಣುತ್ತಿದ್ದವು. ದೂರದಿಂದ ದಾಪುಗಾಲು ಹಾಕಿಕೊಂಡು, ಒಮ್ಮೊಮ್ಮೆ ಸಣ್ಣ ಕಲ್ಲನ್ನು ಒದ್ದುಕೊಂಡು ಬರುತ್ತಿದ್ದವು. ಬಾಗಿಲಿಗೆ ನಾಲ್ಕು ಹೆಜ್ಜೆ ಇರುವಾಗ ಬಲಗಾಲು ನೆನಪಾಗುತ್ತಿತ್ತು. ಅವನ ಶೂ ಬಿಚ್ಚಿಸಿ ಅಟ್ಟೆ ತಿರುಗಿಸಿ ನೋಡಿದ್ದೇನೆ. ವರ್ಷಗಟ್ಟಲೆ ಕುಂಟಿದವರ ಎರಡು ಅಟ್ಟೆ ಒಂದೇ ಥರ ಸವೆಯುವುದಿಲ್ಲ. ಇವನದ್ದು ಅವಳಿ ಮಕ್ಕಳ ಹಾಗಿತ್ತು.

ಕೋಚ್‌ಗೆ ಹೇಳಿದೆ. ಅವನು ಗಾಳಿ ಬಂದ ಕಡೆ ತೂರಿಕೊಳ್ಳುವ ಜಾತಿ. "ನೋವು ಅಂತಾನೆ. ಇಲ್ಲ ಅಂತ ನೀವು ಹೇಗೆ ಹೇಳ್ತೀರಿ ಮೇಡಂ? ಯಾಕೆ ಸುಮ್ಮನೆ ಎದುರು ಹಾಕ್ಕೊಳ್ಳೋದು," ಅಂದ. ನಾನೂ ದೊಡ್ಡ ಸಾಧನೆ ಮಾಡಲಿಲ್ಲ. ಪ್ರತಿ ಸಲ ಅವನ ಅರ್ಧ ದಿನದ ಚೀಟಿಗೆ ಸಹಿ ಹಾಕಿದವಳು ನಾನೇ. ಮನಸ್ಸಿನಲ್ಲಿ ಉಗಿಯುತ್ತಾ ಹಾಕಿದೆ, ಅಷ್ಟೇ ವ್ಯತ್ಯಾಸ.

ಅವನ ಹೆಂಡತಿಯನ್ನು ಮೊದಲ ಸಲ ನೋಡಿದ್ದು ಮೂರನೇ ವರ್ಷದಲ್ಲಿ. ಬಸ್ ಕಂಡಕ್ಟರ್. ದಿನಕ್ಕೆ ಎಂಟು ಗಂಟೆ ಓಲಾಡುವ ಬಸ್ಸಿನಲ್ಲಿ ನಿಂತು, ಮನೆಗೆ ಹೋಗಿ ಮೂರನೇ ಮಹಡಿಗೆ ನೀರು ಹೊತ್ತು, ಗಂಡನ ಕಾಲಡಿಗೆ ದಿಂಬು ಇಡುವವಳು. ಯೂನಿಫಾರ್ಮಿನಲ್ಲೇ ಬಂದಿದ್ದಳು.

"ಅವರ ಕಾಲು ಯಾವಾಗ ಸರಿ ಹೋಗತ್ತೆ ಮೇಡಂ?"

"ಅವರದ್ದು ಸರಿ ಇದೆ. ನಿಮ್ಮದು ತೋರಿಸಿ."

ಅವಳ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತುಹೋಗಿತ್ತು. ಮಂಚದ ಮೇಲೆ ಕೂರಿಸಿ ಎರಡು ವ್ಯಾಯಾಮ ಹೇಳಿಕೊಟ್ಟೆ, ಗಟ್ಟಿ ಕಾಲುಚೀಲ ಕೊಟ್ಟೆ. ಅವಳು ಕಾಲುಚೀಲ ಎಳೆದುಕೊಳ್ಳುತ್ತಾ ತಲೆ ಎತ್ತದೆ, "ನಂಗೂ ಗೊತ್ತು ಮೇಡಂ. ಹೋದ ವಾರ ಎಡಗಾಲಲ್ಲಿ ಕುಂಟ್ತಿದ್ರು," ಅಂದಳು.

"ಮತ್ತೆ ಕೇಳಲಿಲ್ವಾ?"

"ಕೇಳಿದ್ರೆ ಮುಖ ಸಣ್ಣದು ಮಾಡ್ಕೋತಾರೆ. ಅದನ್ನ ನೋಡೋದಕ್ಕಿಂತ ನೀರು ಹೊರೋದು ಸುಲಭ."

ಆರನೇ ವರ್ಷ ಕಾರ್ಖಾನೆಗೆ ಹೊಸ ಕ್ರೀಡಾಧಿಕಾರಿ ಬಂದರು. ಕಾಗದ ಓದುವ ಅಭ್ಯಾಸವಿದ್ದ ಹೆಂಗಸು. ಕೋಟಾದಲ್ಲಿ ಸೇರಿದವರೆಲ್ಲ ಆಯ್ಕೆ ಓಟಕ್ಕೆ ನಿಲ್ಲಬೇಕು, ಇಲ್ಲವೆ ಶಾಶ್ವತ ತೊಂದರೆ ಇದೆಯೆಂದು ಪತ್ರ ತರಬೇಕು, ಇಲ್ಲವೆ ಎಲ್ಲರಂತೆ ಪೂರ್ತಿ ಪಾಳಿ ಮಾಡಬೇಕು ಎಂದು ಸುತ್ತೋಲೆ ಹೊರಡಿಸಿದರು. ಬಾಣ ಅವತ್ತೇ ಬಂದ. ಬೆಣ್ಣೆಯಂಥ ಮಾತು.

"ಒಂದು ಪತ್ರ ಮೇಡಂ. ಓಡೋಕಾಗಲ್ಲ, ಆದರೆ ಬೇರೆಯವರಿಗೆ ಓಟ ಕಲಿಸಬಹುದು ಅಂತ. ಸಹಾಯಕ ಕೋಚ್ ಹುದ್ದೆ ಖಾಲಿ ಇದೆಯಲ್ಲ."

"ಮಲಗಿ," ಅಂದೆ. ಅಳತೆ ಟೇಪು ತೆಗೆದೆ. ಮೊಣಕಾಲಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ. ಬಲಗಾಲು ಮೂವತ್ತೆಂಟು. ಎಡಗಾಲು ಮೂವತ್ತೆಂಟು. ಆರು ವರ್ಷ ಕೆಲಸ ಮಾಡದ ಸ್ನಾಯು ಬಡಕಲಾಗಬೇಕು. ಇವನದ್ದು ತುಂಬಿ ತುಳುಕುತ್ತಿತ್ತು. ಅಷ್ಟನ್ನೂ ಹಾಗೇ ಬರೆದು, ಕೆಳಗೆ "ಓಡಲು ಅಡ್ಡಿಯಿಲ್ಲ" ಅಂತ ಸೇರಿಸಿ ಕೊಟ್ಟೆ. ಓದಿದ. ಬಿಳಚಿಕೊಂಡ.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರಿ."

"ಹೊಟ್ಟೆ ಅಳತೆ ಮಾಡಿಲ್ಲ. ಮಾಡಲಾ?"

ಹೌದು, ಹೊಟ್ಟೆ ಬಂದಿತ್ತು. ಮೂವತ್ನಾಲ್ಕು ವಯಸ್ಸು, ಆರು ವರ್ಷದ ಕುರ್ಚಿ.

ಆಯ್ಕೆ ಓಟದ ದಿನ ಅರ್ಧ ಕಾರ್ಖಾನೆ ಬಂದು ಕೂತಿತ್ತು. ಬಾಣ ಓಡುತ್ತಾನಂತೆ ಅನ್ನುವುದು ಅಷ್ಟು ದೊಡ್ಡ ಸುದ್ದಿ. ನಾನೂ ಕಡಲೆಕಾಯಿ ಹಿಡಿದುಕೊಂಡು ಮೇಲಿನ ಸಾಲಿನಲ್ಲಿ ಕೂತೆ. ನೋಡಿ ಖುಷಿಪಡಬೇಕು ಅಂತಲೇ ಹೋಗಿದ್ದೆ, ಮುಚ್ಚಿಡುವುದೇಕೆ. ಏಳು ಜನ ಗೆರೆಗೆ ನಿಂತರು. ಇವನ ಚಡ್ಡಿ ಹಳೆಯದು, ಬಿಗಿಯಾಗಿತ್ತು. ಓಟ ಶುರುವಾಯಿತು. ತಿರುವಿನಲ್ಲಿ ಆಗಲೇ ಇವನು ಕೊನೆಯವನು. ಆದರೂ ಹಲ್ಲು ಕಚ್ಚಿಕೊಂಡು ಓಡುತ್ತಿದ್ದ, ಅದು ನನಗೆ ಕಂಡಿತು. ನೇರ ದಾರಿಗೆ ಬರುತ್ತಲೇ ಒಮ್ಮೆಗೇ ಕುಸಿದಂತಾಗಿ ನಿಂತ. ಹಿಂತಿರುಗಿ ನೋಡಿದ. ಎಡಗಾಲನ್ನು ಹಿಡಿದುಕೊಂಡ.

ಎಡಗಾಲು! ಜನ ಹೋ ಎಂದು ನಕ್ಕರು. "ಲೋ ಬಾಣ, ಕಾಲು ತಪ್ಪಿ ಹೋಯ್ತು, ಬಲಗಾಲು ಹಿಡ್ಕೊಳೋ!" ಅಂತ ಯಾರೋ ಕೂಗಿದರು. ನಾನೂ ನಕ್ಕೆ. ಅವನು ತಿರುಗಿ ನೋಡಿದ್ದನ್ನು ಈ ಕಣ್ಣಲ್ಲೇ ಕಂಡಿದ್ದೆ. ಹಾಗೆ ತಿರುಗುವುದು ಏನಂತ ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದೆ ಒಮ್ಮೆ ಅನುಭವಿಸಿದ್ದನ್ನು ಈಗ ಅಭಿನಯಿಸುತ್ತಿದ್ದಾನೆ ಅಂದುಕೊಂಡೆ.

ಅರ್ಧ ಗಂಟೆ ಬಿಟ್ಟು ಕೋಣೆಗೆ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತ. ಮುಖದಲ್ಲಿ ಬೆವರು.

"ಮೇಡಂ, ಎಡಗಾಲು. ನಿಜವಾಗ್ಲೂ."

ನಾನು ಕುರ್ಚಿಯಿಂದ ಏಳಲಿಲ್ಲ. "ಫ್ರಿಜ್ಜಲ್ಲಿ ಮಂಜುಗಡ್ಡೆ ಇದೆ, ಬೇಕಾದ್ರೆ ತಗೊಳ್ಳಿ. ನಾನು ಊಟಕ್ಕೆ ಹೊರಟೆ," ಅಂದೆ.

ಅವನು ಮಂಜುಗಡ್ಡೆ ತೆಗೆದುಕೊಳ್ಳಲಿಲ್ಲ. ಹೋದ. ನಾನು ಊಟ ಮಾಡಿದೆ, ಚೆನ್ನಾಗಿಯೇ ಮಾಡಿದೆ.

ಸೋಮವಾರ ಅವನ ಕೈಗೆ ಪೂರ್ತಿ ಪಾಳಿಯ ಆದೇಶ ಬಂತು. ಕುರ್ಚಿ ತೆಗೆದರು. ಭಾವನೂ, "ಇನ್ನು ನಿನ್ನ ಪೆಟ್ಟಿಗೆ ನೀನೇ ಎತ್ತು ಮಾರಾಯ," ಅಂದನಂತೆ. ಬಾಣ ಒಂದು ಮಾತೂ ಎದುರಾಡದೆ ಎತ್ತಿದ ಅಂತ ಕೇಳಿ, ದಾರಿಗೆ ಬಂದ ಅಂದುಕೊಂಡೆ. ಗುರುವಾರ ಬೆಳಿಗ್ಗೆ ಅವನ ಹೆಂಡತಿ ಬಂದಳು. ಹೆಗಲಲ್ಲಿ ಚರ್ಮದ ಚೀಲ, ಏದುಸಿರು. ಬಸ್ಸನ್ನು ಕಾರ್ಖಾನೆ ಗೇಟಿನ ಮುಂದೆ ಚಾಲಕನಿಗೆ ಹೇಳಿ ನಿಲ್ಲಿಸಿ ಬಂದಿದ್ದಳು, ಬಸ್ಸಿನೊಳಗೆ ಜನ ಇದ್ದರು.

"ಮೇಡಂ, ಈ ಸಲ ಅವರು ಕುಂಟ್ತಾ ಇಲ್ಲ."

"ಒಳ್ಳೇದಾಯ್ತಲ್ಲ."

"ಇಲ್ಲ ಮೇಡಂ, ಅರ್ಥ ಮಾಡ್ಕೊಳ್ಳಿ. ನನ್ನ ಮುಂದೆ ಕುಂಟ್ತಾ ಇಲ್ಲ. ಬಾಗಿಲು ಹಾಕ್ಕೊಂಡು ಬಟ್ಟೆ ಬದಲಾಯಿಸ್ತಾರೆ. ಮೂರು ಮಹಡಿ ಹತ್ತಿ ಬಂದು ಗೋಡೆ ಕಡೆ ತಿರುಗಿ ನಿಂತ್ಕೋತಾರೆ. ನಂಗೆ ಹೆದರಿಕೆ ಆಗ್ತಿದೆ."

ಅಷ್ಟು ಹೇಳಿ ಓಡಿದಳು. ನಾನು ನೇರ ಸ್ಟೋರ್ಸಿಗೆ ಹೋದೆ. ಬಾಣ ಕೌಂಟರಿನ ಹಿಂದೆ ಕಪಾಟಿಗೆ ಒರಗಿ ನಿಂತಿದ್ದ. ಎಡಪಾದವನ್ನು ಹೊರಕ್ಕೆ ತಿರುಗಿಸಿ ಪೂರ್ತಿ ನೆಲಕ್ಕೆ ಚಪ್ಪಟೆ ಊರಿದ್ದ. ನೋವನ್ನು ನಿಜಕ್ಕೂ ತಪ್ಪಿಸುವವರು ಹಾಗೆ ನಿಲ್ಲುತ್ತಾರೆ. ಈ ಭಂಗಿ ಅವನಿಗೆ ಆರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ಪ್ಯಾಂಟ್ ಎತ್ತಿ."

"ಬೇಡ ಮೇಡಂ, ಏನೂ ಇಲ್ಲ."

ನಾನೇ ಬಗ್ಗಿ ಎತ್ತಿದೆ. ಮೀನಖಂಡ ಬಿಗಿದ ಮಡಕೆಯ ಹಾಗಿತ್ತು. ರಕ್ತ ಇಳಿದಿಳಿದು ಪಾದದ ಹರಡಿನ ಸುತ್ತ ಕಪ್ಪು, ನೇರಳೆ, ಅಂಚಿಗೆ ಹಸಿರು. ಬೆರಳಿಟ್ಟರೆ ಒಳಬದಿಯ ಸ್ನಾಯುವಿನಲ್ಲಿ ಬೆರಳು ಇಳಿಯುವಷ್ಟು ಹಳ್ಳ. ಮೊದಲಿನದ್ದು ಇದರ ಮುಂದೆ ಸೊಳ್ಳೆ ಕಡಿತ. ಮೂರು ದಿನ ಇದರ ಮೇಲೆ ನಿಂತು ಪೆಟ್ಟಿಗೆ ಎತ್ತಿದ್ದ. ಅಷ್ಟು ಊತ ನೋಡಿ ನನಗೆ ಇನ್ನೊಂದು ಭಯ ಹುಟ್ಟಿತು: ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಜೀವಕ್ಕೇ ಅಪಾಯ. ಆಗಲೇ ಗಾಡಿ ತರಿಸಿ ಸ್ಕ್ಯಾನಿಗೆ ಕರೆದುಕೊಂಡು ಹೋದೆ. ಹೆಪ್ಪು ಇರಲಿಲ್ಲ. ಅದು ಅವನ ಅದೃಷ್ಟ, ನನ್ನದು ಇನ್ನೂ ದೊಡ್ಡದು.

ವಾಪಸು ಬರುವಾಗ ಗಾಡಿಯಲ್ಲಿ ಹೇಳಿದೆ: "ತಪ್ಪು ನಂದು. ಅವತ್ತೇ ಮುಟ್ಟಿ ನೋಡಬೇಕಿತ್ತು."

ಅವನು ಕಿಟಕಿ ಕಡೆ ನೋಡುತ್ತಿದ್ದ. "ನೀವೇ ಅಂತ ಏನಿಲ್ಲ ಬಿಡಿ. ನಾನಾಗಿದ್ರೂ ನಂಬ್ತಿರಲಿಲ್ಲ."

ಈ ಸಲ ಹದಿನಾಲ್ಕು ವಾರ ಹಿಡಿಯಿತು. ಕೋಲು ಹಿಡಿದು ಬಂದ. ಬಣ್ಣದ ಪಟ್ಟಿ ಕೇಳಲಿಲ್ಲ, ಯಂತ್ರ ಕೇಳಲಿಲ್ಲ. ಕೂತು ಹಿಮ್ಮಡಿ ಎತ್ತು ಅಂದರೆ ಎತ್ತಿದ. ಆರನೇ ವಾರ ಮೊದಲ ಸಲ ಒಂಟಿಕಾಲಲ್ಲಿ ನಿಲ್ಲಿಸಿದಾಗ ಹಿಮ್ಮಡಿ ನೆಲ ಬಿಟ್ಟು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಏಣಿ ಹಿಡಿದು ತಲೆ ತಗ್ಗಿಸಿದ. ಭುಜ ಅಲುಗುತ್ತಿತ್ತು. ನಾನು ಫ್ರಿಜ್ಜಿನ ಬಾಗಿಲು ತೆಗೆದು ಅದರಲ್ಲಿ ಏನೋ ಹುಡುಕುವವಳ ಹಾಗೆ ನಿಂತೆ. ಮರುದಿನ ಹೇಳಿದ ಹೊತ್ತಿಗಿಂತ ಮುಂಚೆ ಬಂದಿದ್ದ. ಎಂಟನೇ ವಾರಕ್ಕೆ ಮೂರು, ಹತ್ತನೇ ವಾರಕ್ಕೆ ಹನ್ನೊಂದು, ಹದಿನಾಲ್ಕನೇ ವಾರಕ್ಕೆ ಇಪ್ಪತ್ತೈದು. ಒಂದೊಂದು ಸಲವೂ ನಾಲ್ಕು ಎಣಿಸಿಯೇ ಇಳಿದ. ಅವನನ್ನು ಮೆಚ್ಚಬೇಕಾಗಿ ಬಂತಲ್ಲ ಅಂತ ನನಗೆ ಸ್ವಲ್ಪ ಕಿರಿಕಿರಿಯೇ ಆಯಿತು.

ಆ ಕಿರಿಕಿರಿ ಹೆಚ್ಚು ದಿನ ಉಳಿಯಲು ಅವನು ಬಿಡಲಿಲ್ಲ. ಓಟಗಾರರ ಪಟ್ಟಿಯಿಂದ ಅವನ ಹೆಸರು ಹೋಯಿತು, ಸಹಾಯಕ ಕೋಚ್ ಹುದ್ದೆ ಬೇರೆಯವರಿಗೆ ಹೋಯಿತು, ಇವನು ಪೂರ್ತಿ ಪಾಳಿಯ ಸ್ಟೋರ್ಸ್ ನೌಕರನಾಗಿ ಉಳಿದ. ಹೆಂಡತಿ ಒಮ್ಮೆ ಸಿಕ್ಕಾಗ, ಈಗ ನೀರು ಅವರೇ ಹೊರ್ತಾರೆ, ಆದರೆ ಹೊತ್ತದ್ದನ್ನ ಕಟ್ಟಡಕ್ಕೆಲ್ಲ ಹೇಳ್ಕೊಂಡು ಬರ್ತಾರೆ ಅಂದಳು. ಇನ್ನು ಕ್ಯಾಂಟೀನಿನಲ್ಲಿ ಅವನು ಹೇಳುವ ಕಥೆ: ಗೆಲ್ಲುವ ಓಟ, ಕೊನೆಯ ಹತ್ತು ಮೀಟರ್, ಎಲ್ಲರಿಗಿಂತ ಮುಂದೆ ಬಾಣ, ಫಟ್ ಅಂತ ಕಾಲು ಹರಿಯಿತು, ತೆವಳಿಕೊಂಡು ಹೋದರೆ ಆ ಮೇಡಂ ಊಟಕ್ಕೆ ಹೊರಟುಬಿಟ್ಟಳು. ಕೇಳಿದವರು ನನ್ನ ಕಡೆ ಕೆಕ್ಕರಿಸಿ ನೋಡುತ್ತಾರೆ. ಓಟದ ಭಾಗ ಶುದ್ಧ ಬುರುಡೆ. ಊಟದ ಭಾಗ ಅಕ್ಷರಶಃ ನಿಜ, ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡು ಟೀ ಕುಡಿಯುತ್ತೇನೆ.

ಹೋದ ತಿಂಗಳು ಕುತ್ತಿಗೆ ಹಿಡಿದುಕೊಂಡು ಬಂದ. ತಿರುಗಿಸಲು ಆಗುತ್ತಿಲ್ಲವಂತೆ, ಎರಡು ದಿನ ವಿಶ್ರಾಂತಿಗೆ ಚೀಟಿ ಬೇಕಂತೆ. ಹೊರಗೆ ಯಾರೋ ಕರೆದರೆ ಗಿರಕ್ಕನೆ ತಿರುಗಿ ಓಗೊಟ್ಟ. ಮಂಚದ ಮೇಲೆ ಕೂರಿಸಿದೆ. ಕುತ್ತಿಗೆ ಮೂಳೆಯ ಒಂದೊಂದೇ ಮಣಿ ಒತ್ತಿ ನೋಡಿದೆ, ಎರಡೂ ಕೈಗಳ ಬಲ ನೋಡಿದೆ, ಬೆರಳುಗಳಲ್ಲಿ ಸ್ಪರ್ಶ ನೋಡಿದೆ. ಏನೂ ಇರಲಿಲ್ಲ.

"ಏನಾಗಿದೆ ಮೇಡಂ?" ಅಂದ.

"ಸುಮ್ಮನೆ ಕೂತ್ಕೊಳ್ಳಿ," ಅಂದು ಮತ್ತೆ ಮೊದಲಿಂದ ನೋಡಿದೆ.